ಅಕ್ಕಿ ಒಂದು, ಬಟಾಣಿ ಹಲವು

ಭತ್ತ, ರಾಗಿ, ಸಾಸಿವೆ ಮೊದಲಾದ ಕಾಳುಗಳನ್ನು ಮೇಲಿನಿಂದ ಸುರಿದರೆ ಅವು ಗೋಪುರದ ಆಕಾರದ ರಾಶಿಯಾಗಿ ನಿಲ್ಲುವುದನ್ನು ಕಣದಲ್ಲಿ ಎಲ್ಲರೂ ಕಂಡಿದ್ದೇವೆ. ಆ ರಾಶಿಯ ಇಳಿಜಾರು ನೆಲದೊಡನೆ ಮಾಡುವ ಕೋನವನ್ನು ಭೌತವಿಜ್ಞಾನದಲ್ಲಿ ವಿಶ್ರಾಮ ಕೋನವೆಂದು ಕರೆಯುತ್ತಾರೆ. ನಮ್ಮ ಕಾಲೇಜಿನ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಕ್ಕಿ, ಬಟಾಣಿ, ಸಕ್ಕರೆ ಇವುಗಳ ವಿಶ್ರಾಮ ಕೋನವನ್ನು ಅಳೆದು, ತನ್ನ ಪ್ರಯೋಗವನ್ನು ಸಹಪಾಠಿಗಳ ಮುಂದೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿದವಳು. ಅವಳ ಅಳತೆಗಳು ಚೊಕ್ಕವಾಗಿದ್ದುವು. ರೇಖಾಚಿತ್ರವೂ ಅಂತೆಯೇ ಇದ್ದಿತು. ಆದರೆ ಬಟಾಣಿಯನ್ನು 'ಪೀಸ್' ಎಂದವಳು ಅದೇ ಉಸಿರಿನಲ್ಲಿ ಅಕ್ಕಿಯನ್ನು 'ರೈಸಸ್' ಎಂದುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗೆ ಮುಂದಿನ ಬೆಂಚಿನವರೆಗೂ ಹಬ್ಬಿತು. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಕುಳಿತಳು. ಸಕ್ಕರೆಯ ಕೋನವೆಷ್ಟೆಂಬುದನ್ನು ಆ ದಿನ ಯಾರೂ ಕೇಳಲಿಲ್ಲ.

ಸಂಜೆ ಪ್ರಯೋಗಶಾಲೆಯಲ್ಲಿ ಅವಳು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಸರ್, ಅಕ್ಕಿಯೂ ಕಾಳು, ಬಟಾಣಿಯೂ ಕಾಳು. ಎರಡನ್ನೂ ನಾನು ಎಣಿಸಿದ್ದೇನೆ. ಬಟಾಣಿಗೆ ಬಹುವಚನ ಸಲ್ಲುವುದಾದರೆ ಅಕ್ಕಿಗೇಕೆ ಸಲ್ಲದು?"

ಅದು ಇಂಗ್ಲಿಷಿನ ರೂಢಿ, ಬಾಯಿಪಾಠ ಮಾಡಿಕೊಳ್ಳಬೇಕು, ಎಂದು ನಾವು ಉತ್ತರ ಕೊಟ್ಟೆವು. ಕೊಟ್ಟ ಮೇಲೆ ನಮಗೇ ನಾಚಿಕೆಯಾಯಿತು. ಕಬ್ಬಿಣ ಮುಳುಗಿ ಮರ ತೇಲುವುದೇಕೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಯೊಬ್ಬನು "ಅದು ರೂಢಿ" ಎಂದು ಬರೆದರೆ ನಾವು ಸೊನ್ನೆಯನ್ನಲ್ಲದೆ ಬೇರೇನು ಕೊಡುತ್ತೇವೆ? ಹಾಗಾಗಿ ಕೆಲವು ವಾರ ನಮ್ಮ ಬಿಡುವಿನ ವೇಳೆಯನ್ನು ಈ ವಿಷಯಕ್ಕೆ ಕೊಟ್ಟೆವು. ತಿಳಿದುಬಂದುದು ಇಷ್ಟು: ಇಲ್ಲಿ ಕಾರಣವುಂಟು, ಆದರೆ ಅದು ನ್ಯೂಟನ್ನನ ನಿಯಮದಂತಹ ಕಾರಣವಲ್ಲ.

ಮೊದಲು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಂಗ್ಲಿಷಿನ ನಾಮಪದಗಳಲ್ಲಿ ಎರಡು ಪಂಗಡಗಳಿವೆ. ಎಗ್, ಆ್ಯಪಲ್, ಪೊಟೇಟೊ ಇವು ಒಂದು ಪಂಗಡ. ಇವುಗಳ ಹಿಂದೆ ಒಂದು, ಎರಡು ಎಂಬ ಸಂಖ್ಯೆ ನಿಲ್ಲುತ್ತದೆ, ಕೊನೆಗೆ ಬಹುವಚನದ ಪ್ರತ್ಯಯ ಹತ್ತುತ್ತದೆ. ರೈಸ್, ಬ್ರೆಡ್, ಬಟರ್, ಮಿಲ್ಕ್ ಇವು ಇನ್ನೊಂದು ಪಂಗಡ. ಇವಕ್ಕೆ ಸಂಖ್ಯೆಯೂ ಕೂಡದು, ಬಹುವಚನವೂ ಕೂಡದು. ಮೊದಲನೆಯವಕ್ಕೆ 'ಮೆನಿ', ಎರಡನೆಯವಕ್ಕೆ 'ಮಚ್'. ಡೆನ್ಮಾರ್ಕಿನ ವ್ಯಾಕರಣ ಪಂಡಿತ ಆಟೊ ಯೆಸ್ಪರ್ಸನ್ 1924ರ ತನ್ನ 'ವ್ಯಾಕರಣ ತತ್ತ್ವಶಾಸ್ತ್ರ'ದಲ್ಲಿ ಈ ಭೇದವನ್ನು ವಿಸ್ತಾರವಾಗಿ ಚರ್ಚಿಸಿ, ಎರಡನೆಯ ಪಂಗಡವನ್ನು ರಾಶಿಯ ಪದಗಳೆಂಬ ಅರ್ಥದ ಹೆಸರಿನಿಂದ ಕರೆದನು. ನಾವೂ ಇಲ್ಲಿ ಎಣಿಕೆಯ ಪದ, ರಾಶಿಯ ಪದ ಎಂದೇ ಹೇಳುತ್ತೇವೆ. ಗಣ್ಯ, ಅಗಣ್ಯ ಎಂಬ ಸಂಸ್ಕೃತ ಶಬ್ದಗಳು ಒದಗುತ್ತಿದ್ದುವು. ಆದರೆ ನಮ್ಮಲ್ಲಿ ಗಣ್ಯರೆಂದರೆ ಸಭೆಯ ಮುಂದಿನ ಸಾಲಿನಲ್ಲಿ ಕೂರುವವರು. ಬಟಾಣಿಗೆ ಆ ಪದವಿಯನ್ನು ಕೊಡಲು ಮನಸ್ಸು ಬರಲಿಲ್ಲ.

ಕನ್ನಡದಲ್ಲಿ ಈ ತೊಡಕೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮನುಷ್ಯರ ವಿಷಯದಲ್ಲಿ ನಾವು ಬಹುವಚನವನ್ನು ಬಿಡುವಂತಿಲ್ಲ. 'ಮೂವರು ಹುಡುಗರು' ಎಂದೇ ಹೇಳಬೇಕು. ನಿರ್ಜೀವ ವಸ್ತುಗಳಿಗೆ ಬಂದಾಗ 'ಹತ್ತು ತೆಂಗಿನಕಾಯಿ', 'ಎರಡು ಇಡ್ಲಿ', 'ಆರು ಮೊಟ್ಟೆ' ಎಂಬ ಏಕವಚನವೇ ಸಹಜ. 'ಎಷ್ಟು' ಎಂಬ ಒಂದೇ ಪ್ರಶ್ನೆ ಅನ್ನಕ್ಕೂ ಆಯಿತು, ಮೊಟ್ಟೆಗೂ ಆಯಿತು. ಆದುದರಿಂದ ಕನ್ನಡದ ಮಗು ಬಾಯಿ ತೆರೆಯುವ ಮುನ್ನ 'ಇದು ಎಣಿಸತಕ್ಕ ವಸ್ತುವೋ ಅಲ್ಲವೋ' ಎಂದು ನಿರ್ಧರಿಸಬೇಕಾಗಿಲ್ಲ. ಇಂಗ್ಲಿಷರ ಮಗು ಪ್ರತಿಯೊಂದು ತುತ್ತಿಗೂ ನಿರ್ಧರಿಸಲೇಬೇಕು. ನಮ್ಮ ವಿದ್ಯಾರ್ಥಿಗಳು 'ಟೂ ಬ್ರೆಡ್ಸ್' ಎಂದು ಬರೆದು ಕೆಂಪು ಶಾಯಿಯ ಗೆರೆಗೆ ಗುರಿಯಾಗುವುದು ದಡ್ಡತನದಿಂದಲ್ಲ. ಅವರ ಮಾತೃಭಾಷೆ ಎಂದೂ ಕೇಳದಿದ್ದ ಪ್ರಶ್ನೆಯೊಂದಕ್ಕೆ ಅವರು ಹಠಾತ್ತನೆ ಉತ್ತರ ಹೇಳಬೇಕಾಗಿದೆ.

ಹಾಗೆಂದು ಬಿಡಿಬಿಡಿಯಾಗಿ ಎಣಿಸುವ ಉಪಾಯ ನಮ್ಮಲ್ಲಿ ಇಲ್ಲವೆಂದಲ್ಲ. ಅಕ್ಕಿಯ ಬಿಡಿ ಕಾಳು. ಅದೇ ಬೆಂದು ಅನ್ನವಾದರೆ ಅಗುಳು. ಬೆಳ್ಳುಳ್ಳಿಯದು ಎಸಳು, ಹಲಸಿನದು ತೊಳೆ, ಉಪ್ಪಿನದು ಹರಳು, ಬೆಲ್ಲದ್ದು ಅಚ್ಚು, ಬಾಳೆಹಣ್ಣಿನದು ಚಿಪ್ಪು. ಇಂಗ್ಲಿಷೂ ತನ್ನ ರಾಶಿಯ ಪದಗಳಿಗೆ ಇದನ್ನೇ ಮಾಡುತ್ತದೆ: ಬ್ರೆಡ್ಡಿಗೆ ಲೋಫ್ ಅಥವಾ ಸ್ಲೈಸ್, ಬೆಳ್ಳುಳ್ಳಿಗೆ ಕ್ಲೋವ್, ಅಕ್ಕಿಗೆ ಗ್ರೇನ್. ಈ ಗ್ರೇನ್ ಎಂಬುದು ತೂಕದ ಮಾನವೂ ಆಯಿತು. ಬ್ರಿಟಿಷರ ಒಂದು ಪೌಂಡಿಗೆ 7000 ಗ್ರೇನುಗಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಜವೆಯ ಕಾಳಿನ ಉದ್ದವಾದ ಬಾರ್ಲಿಕಾರ್ನ್, ಅಂಗುಲದ ಮೂರನೆಯ ಒಂದು ಪಾಲು. ಬ್ರಿಟನ್ನಿನ ಪಾದರಕ್ಷೆಗಳ ಅಳತೆ ಇಂದಿಗೂ ಒಂದೊಂದು ಸಂಖ್ಯೆಗೆ ಅಷ್ಟಷ್ಟೇ ಏರುತ್ತದೆ. ವ್ಯಾಕರಣದಲ್ಲಿ ಎಣಿಕೆಗೆ ಸಿಕ್ಕದ ಧಾನ್ಯವೇ ಪೇಟೆಯಲ್ಲಿ ಎಣಿಕೆಯ ಮೂಲಮಾನವಾಯಿತು!

ಈಗ ಮೂಲ ಪ್ರಶ್ನೆಗೆ ಬರೋಣ. ರಾಶಿಯ ಪದಕ್ಕೆ ಲಕ್ಷಣವೇನು? ನೀರಿಗೆ ನೀರನ್ನು ಸೇರಿಸಿದರೆ ನೀರೇ. ನೀರನ್ನು ಅರ್ಧ ಮಾಡಿದರೂ ನೀರೇ. ಸೇಬಿನ ಹಣ್ಣನ್ನು ಅರ್ಧ ಮಾಡಿದರೆ ಒಂದು ಸೇಬು ಉಳಿಯುವುದಿಲ್ಲ, ಒಂದು ಹೋಳು ಉಳಿಯುತ್ತದೆ. ಅಮೆರಿಕದ ತತ್ತ್ವಜ್ಞಾನಿ ಕ್ವೈನ್ 1960ರಲ್ಲಿ ಈ ಕೂಡಿಕೆಯ ಗುಣವನ್ನು ಎತ್ತಿ ತೋರಿಸಿದನು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಪದಾರ್ಥವನ್ನು ಭಾಗಿಸಿದರೂ ಅದರ ಸಾಂದ್ರತೆ, ಕುದಿಯುವ ಬಿಂದು ಬದಲಾಗವು; ರಾಶಿ, ಗಾತ್ರಗಳು ಬದಲಾಗುತ್ತವೆ. ಹಾಲು ಎಂಬ ಹೆಸರು ಸಾಂದ್ರತೆಯ ಜಾತಿಗೆ ಸೇರಿದ್ದು. ಮೊಟ್ಟೆ ಎಂಬ ಹೆಸರು ಅಲ್ಲ.

ಆದರೆ ಭಾಗಿಸುತ್ತ ಹೋದರೆ ಎಲ್ಲಿಯವರೆಗೆ? 18 ಗ್ರಾಂ ನೀರಿನಲ್ಲಿ 6ರ ಮುಂದೆ 23 ಸೊನ್ನೆಗಳನ್ನಿಟ್ಟಷ್ಟು ಅಣುಗಳಿವೆ. ಅಲ್ಲಿಗೆ ಮುಟ್ಟಿದಾಗ ನೀರೂ ಎಣಿಕೆಯ ವಸ್ತುವೇ. ಬೆಳಕಿನ ಕಥೆಯೂ ಹೀಗೆಯೇ. 1900ರಲ್ಲಿ ಪ್ಲಾಂಕ್, 1905ರಲ್ಲಿ ಐನ್‌ಸ್ಟೈನ್ ಇವರ ಕೈಯಲ್ಲಿ ಬೆಳಕು ರಾಶಿಯ ಪಂಗಡವನ್ನು ಬಿಟ್ಟು ಎಣಿಕೆಯ ಪಂಗಡಕ್ಕೆ ಬಂದಿತು. ಇಂಗ್ಲಿಷ್ ವ್ಯಾಕರಣ ಮಾತ್ರ ಕದಲಲಿಲ್ಲ. ಫೋಟಾನ್ ಎಣಿಕೆಯ ಪದವಾಯಿತು, ಬೆಳಕು ರಾಶಿಯ ಪದವಾಗಿಯೇ ಉಳಿಯಿತು. ಎಂದಮೇಲೆ ವ್ಯಾಕರಣ ನೋಡುವುದು ವಸ್ತುವಿನ ಒಳಗಿನ ರಚನೆಯನ್ನಲ್ಲ, ನಮ್ಮ ಕಣ್ಣಿಗೂ ಕೈಗೂ ಅದು ತೋರುವ ಬಗೆಯನ್ನು.

ಕಣ್ಣಿನಿಂದಲೇ ತೊಡಗೋಣ. ಕಣಗಳು ಕಾಣದಷ್ಟು ಸಣ್ಣವಾದರೆ ರಾಶಿ, ಕಂಡರೆ ಎಣಿಕೆ, ಎಂದು ಹೇಳಿಬಿಡಬಹುದೆ? ಆರೋಗ್ಯವಂತ ಕಣ್ಣು ಸುಮಾರು ಒಂದು ಕಲೆಯಷ್ಟು, ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು, ಕೋನವನ್ನು ಬಿಡಿಸಿ ನೋಡಬಲ್ಲುದು. 25 ಸೆಂಟಿಮೀಟರ್ ದೂರದಲ್ಲಿ ಇದು 0.07 ಮಿಲಿಮೀಟರಿಗೆ ಸಮ. ಸಕ್ಕರೆಯ ಹರಳು ಇದಕ್ಕಿಂತ ಎಷ್ಟೋ ದೊಡ್ಡದು. ಅಕ್ಕಿಯ ಕಾಳಂತೂ ಐದಾರು ಮಿಲಿಮೀಟರ್ ಉದ್ದವಿದೆ. ಇವು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಆದರೂ ಶುಗರ್, ರೈಸ್ ಎರಡೂ ರಾಶಿಯ ಪದಗಳು. ಕಣ್ಣಿನ ವಾದ ಇಲ್ಲಿಗೆ ಮುರಿದುಬಿತ್ತು.

ಕೈ ಏನನ್ನುತ್ತದೆ? ಒಂದು ಹಿಡಿಯಲ್ಲಿ ಆಲೂಗಡ್ಡೆ ಒಂದು ಹಿಡಿಸುತ್ತದೆ. ಒಣ ಬಟಾಣಿ ನೂರೈವತ್ತರ ಆಸುಪಾಸು. ಅಕ್ಕಿ ಎರಡು ಸಾವಿರ ಕಾಳು. ನಮ್ಮ ವಿದ್ಯಾರ್ಥಿನಿ ಸಣ್ಣಕ್ಕಿಯಿಂದ ದಪ್ಪಕ್ಕಿಯವರೆಗೆ ತೂಗಿ ನೋಡಿದಾಗ 100 ಕಾಳಿಗೆ ಒಂದೂವರೆಯಿಂದ ಎರಡು ಗ್ರಾಂ ಬಂದಿತು; ಎಂದರೆ ಒಂದು ಕಿಲೋಗ್ರಾಮಿಗೆ ಐವತ್ತರಿಂದ ಅರವತ್ತೈದು ಸಾವಿರ ಕಾಳು. ಇಷ್ಟನ್ನು ಎಣಿಸುವ ಅಂಗಡಿಯವನಾಗಲಿ, ಗೃಹಿಣಿಯಾಗಲಿ ಲೋಕದಲ್ಲಿಲ್ಲ. ಅಕ್ಕಿಯನ್ನು ಸುರಿಯುತ್ತೇವೆ, ಅದು ಪಾತ್ರೆಯ ಆಕಾರವನ್ನು ತಾಳುತ್ತದೆ, ನೀರನ್ನು ಅಳೆಯುವಂತೆ ಪಾವು ಸೇರುಗಳಲ್ಲಿ ಅಳೆಯುತ್ತೇವೆ. ಪಾತ್ರೆಗೂ ಕಣಕ್ಕೂ ಇರುವ ಪ್ರಮಾಣ ದೊಡ್ಡದಾದಾಗ ಬಿಡಿ ವಸ್ತುಗಳ ಗುಂಪು ದ್ರವದಂತೆ ವರ್ತಿಸುತ್ತದೆಂಬುದು ಭೌತವಿಜ್ಞಾನಕ್ಕೆ ಪರಿಚಿತ. ಲಾರಿಯಿಂದ ಸುರಿದಾಗ ಆಲೂಗಡ್ಡೆಯೂ ಹರಿಯುತ್ತದೆ. ಆದರೆ ಭಾಷೆಯ ಪಾತ್ರೆ ಲಾರಿಯಲ್ಲ, ಬೊಗಸೆ.

ನಮ್ಮ ದೇಶದ ವರ್ತಕರು ಈ ವಿಚಾರವನ್ನು ಬಹಳ ಹಿಂದೆಯೇ ಮಾಡಿದ್ದರು. ಜೈನ ಆಗಮಗಳಲ್ಲಿ ಸರಕನ್ನು ಗಣಿಮ, ಧರಿಮ, ಮೇಯ, ಪರಿಚ್ಛೇದ್ಯ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ: ಎಣಿಸಿ ಮಾರುವುದು, ತೂಗಿ ಮಾರುವುದು, ಅಳೆದು ಮಾರುವುದು, ಪರೀಕ್ಷಿಸಿ ಮಾರುವುದು. ಇಂಗ್ಲಿಷಿನ ವ್ಯಾಕರಣಕ್ಕೆ ಎರಡೇ ಸಾಕಾದುವು.

ಹೀಗೆ ಕೈಯ ವಾದವನ್ನು ನಾವು ಸಂತೋಷದಿಂದ ವಿವರಿಸಿದೆವು. ಮರುದಿನ ವಿದ್ಯಾರ್ಥಿನಿ ಒಂದು ಪೊಟ್ಟಣದಲ್ಲಿ ಮಸೂರದ ಕಾಳನ್ನು ತಂದು ತಕ್ಕಡಿಯಲ್ಲಿಟ್ಟಳು. 100 ಕಾಳಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು. ಹೆಚ್ಚು ಕಡಮೆ ಅಕ್ಕಿಯ ತೂಕವೇ. ಇಂಗ್ಲಿಷರು ಅದನ್ನು 'ಲೆಂಟಿಲ್ಸ್' ಎಂದು ಬಹುವಚನದಲ್ಲಿಯೇ ಹೇಳುತ್ತಾರೆ! ಇಷ್ಟಕ್ಕೇ ಮುಗಿಯಲಿಲ್ಲ. ಗೋಧಿಯ 100 ಕಾಳು ಸುಮಾರು 4 ಗ್ರಾಂ, ಓಟ್ಸಿನ 100 ಕಾಳು 3ರಿಂದ 4 ಗ್ರಾಂ. ಎರಡೂ ಹುಲ್ಲಿನ ವರ್ಗದ ಬೀಜ, ಎರಡೂ ಒಂದೇ ಗಾತ್ರ. ಆದರೆ ವೀಟ್ ರಾಶಿಯ ಪದ, ಓಟ್ಸ್ ಬಹುವಚನ. ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ 1933ರಷ್ಟು ಹಿಂದೆಯೇ ಈ ಜೋಡಿಯನ್ನು ಎತ್ತಿಕೊಂಡು, ವ್ಯಾಕರಣದ ವರ್ಗಗಳು ವಸ್ತುಲೋಕವನ್ನು ಅನುಸರಿಸುವುದಿಲ್ಲವೆನ್ನಲು ಉದಾಹರಣೆಯಾಗಿ ಬಳಸಿದನು. ಪೋಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲಸಿದ ಆನ್ನಾ ವ್ಯೆಷ್‌ಬಿಟ್ಸ್ಕಾ 1985ರಲ್ಲಿ ಅದೇ ಜೋಡಿಯನ್ನು ಹಿಡಿದು ಎದುರು ವಾದ ಹೂಡಿದಳು. ಕಾಳಿನ ಗಾತ್ರವೊಂದನ್ನೇ ನೋಡಬಾರದು, ಜನ ಅದನ್ನು ಯಾವ ರೂಪದಲ್ಲಿ ಕಾಣುತ್ತಾರೆ, ಹೇಗೆ ಬಳಸುತ್ತಾರೆ ಎಂಬುದನ್ನೂ ನೋಡಬೇಕು. ಆಗ ಯಾದೃಚ್ಛಿಕವೆಂದು ತೋರಿದುದು ಹಾಗಲ್ಲವೆಂದು ತಿಳಿಯುತ್ತದೆ, ಎಂಬುದು ಅವಳ ನಿಲುವು. ಗೋಧಿ ಬಹುಮಟ್ಟಿಗೆ ಹಿಟ್ಟಾಗಿ ಅಡಿಗೆಮನೆಯನ್ನು ಸೇರುತ್ತದೆ, ಓಟ್ಸ್ ಕಾಳಿನ ಅಥವಾ ಅವಲಕ್ಕಿಯ ರೂಪದಲ್ಲಿ ಸೇರುತ್ತದೆ ಎಂಬುದು ನಿಜ. 2004ರಲ್ಲಿ ಪ್ರಕಟವಾದ ಪ್ರಯೋಗಗಳೂ ಇದೇ ದಿಕ್ಕನ್ನು ತೋರುತ್ತವೆ: ಬಿಡಿ ಕಣಗಳು ಕಣ್ಣಿಗೆ ಸುಲಭವಾಗಿ ಬೇರ್ಪಟ್ಟು ತೋರಿದಾಗ, ಒಂದೊಂದನ್ನೂ ಬೇರೆಯಾಗಿ ಬಳಸುವ ಪ್ರಸಂಗವಿದ್ದಾಗ, ಜನ ಎಣಿಕೆಯ ರೂಪಕ್ಕೆ ವಾಲುತ್ತಾರೆ.

ಆದರೂ ಮಸೂರದ ಕಾಳನ್ನು ಒಂದೊಂದಾಗಿ ಬಳಸುವವರು ಯಾರು? ಈ ವಿವರಣೆ ನಮಗೆ ಪೂರ್ಣ ತೃಪ್ತಿಯನ್ನು ಕೊಡಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಬ್ಲೂಮ್‌ಫೀಲ್ಡನಿಗೆ ಅರ್ಧ ಗೆಲವು, ವ್ಯೆಷ್‌ಬಿಟ್ಸ್ಕಾಗೆ ಅರ್ಧಕ್ಕಿಂತ ತುಸು ಹೆಚ್ಚು.

ಇದರಲ್ಲಿ ಚರಿತ್ರೆಯ ಪಾಲೂ ಉಂಟು. ಅದರಲ್ಲಿ ಬಟಾಣಿಯ ಕಥೆ ಬಹು ಸ್ವಾರಸ್ಯವಾದುದು. ಹಿಂದಿನ ಇಂಗ್ಲಿಷಿನಲ್ಲಿ ಬಟಾಣಿಗೆ 'ಪೀಸ್' ಎಂಬುದೇ ಏಕವಚನದ ರೂಪ. ಗ್ರೀಕ್, ಲ್ಯಾಟಿನ್ ಮೂಲದಿಂದ ಬಂದ ಆ ಶಬ್ದದ ಕೊನೆಯ ಸಕಾರ ಶಬ್ದದ ಅಂಗವೇ ಆಗಿದ್ದಿತು, ಪ್ರತ್ಯಯವಲ್ಲ. ರೈಸ್ ಎಂಬಲ್ಲಿ ಇರುವಂತೆಯೇ ಸರಿ. ಆದರೆ ಬೊಗಸೆ ತುಂಬ ಗುಂಡುಗುಂಡಾದ ಕಾಳನ್ನು ನೋಡಿದ ಜನರ ಕಿವಿಗೆ ಆ ಸಕಾರ ಬಹುವಚನದಂತೆ ಕೇಳಿಸಿತು. ಬಹುವಚನವಿದ್ದ ಮೇಲೆ ಏಕವಚನ ಬೇಡವೆ? ಹದಿನೇಳನೆಯ ಶತಮಾನದ ಹೊತ್ತಿಗೆ ಸಕಾರವನ್ನು ಕತ್ತರಿಸಿ 'ಪೀ' ಎಂಬ ಹೊಸ ಶಬ್ದವನ್ನು ಸೃಷ್ಟಿಸಿಕೊಂಡರು. ಹಳೆಯ ರೂಪ 'ಪೀಸ್ ಪುಡ್ಡಿಂಗ್' ಎಂಬ ಭಕ್ಷ್ಯದ ಹೆಸರಿನಲ್ಲಿ ಮಾತ್ರ ಉಳಿದಿದೆ. ಚೆರಿ ಹಣ್ಣಿಗೂ ಇದೇ ಗತಿಯಾಯಿತು. ಫ್ರೆಂಚರಿಂದ ಬಂದ ಅದರ ಹೆಸರೂ ಸಕಾರಾಂತವಾಗಿದ್ದು ಇಂಗ್ಲಿಷರ ಬಾಯಲ್ಲಿ ಬಾಲವನ್ನು ಕಳೆದುಕೊಂಡಿತು. ರೈಸ್‌ನ ಸಕಾರಕ್ಕೆ ಮಾತ್ರ ಯಾರೂ ಕತ್ತರಿ ಹಾಕಲಿಲ್ಲ. ಹಾಕಿದ್ದರೆ 'ಒನ್ ರೈ, ಟೂ ರೈಸ್' ಎಂದು ನಾವು ಇಂದು ಪಾಠ ಹೇಳುತ್ತಿದ್ದೆವು! ಒಂದೇ ಅಂತ್ಯವಿದ್ದ ಎರಡು ಶಬ್ದಗಳಲ್ಲಿ ದೊಡ್ಡ ಕಾಳಿನದು ಎಣಿಕೆಗೆ ಹೋಯಿತು, ಸಣ್ಣ ಕಾಳಿನದು ರಾಶಿಯಾಗಿ ಉಳಿಯಿತು. ನಕ್ಕ ವಿದ್ಯಾರ್ಥಿಗಳಿಗೆ ನಾವು ಮೊದಲು ಹೇಳಿದುದು ಈ ಸಂಗತಿಯನ್ನೇ. ಅವರು ಸರಿಯೆಂದು ನಂಬಿರುವ 'ಪೀಸ್' ಇಂಗ್ಲಿಷರೇ ಒಂದು ಕಾಲಕ್ಕೆ ಮಾಡಿದ ತಪ್ಪಿನಿಂದ ಹುಟ್ಟಿದ್ದು.

ಬ್ರೆಡ್ಡಿನ ಚರಿತ್ರೆ ಇನ್ನೂ ವಿಚಿತ್ರ. ಪ್ರಾಚೀನ ಇಂಗ್ಲಿಷಿನಲ್ಲಿ ರೊಟ್ಟಿಗೆ ಇದ್ದ ಸಾಮಾನ್ಯ ಶಬ್ದ 'ಹ್ಲಾಫ್', ಎಂದರೆ ಇಂದಿನ ಲೋಫ್. ಮನೆಯ ಯಜಮಾನ ರೊಟ್ಟಿಯ ಕಾವಲುಗಾರ; 'ಹ್ಲಾಫ್‌ವೇರ್ಡ್' ಎಂಬ ಆ ಮಾತೇ ಸವೆದು ಲಾರ್ಡ್ ಆಯಿತು. ಯಜಮಾನಿತಿ ಹಿಟ್ಟು ನಾದುವವಳು; ಆ ಮಾತು ಲೇಡಿ ಆಯಿತು. ಬ್ರೆಡ್ ಎಂಬುದಕ್ಕೆ ಮೊದಲು ತುಂಡು, ಚೂರು ಎಂಬ ಅರ್ಥವಿತ್ತೆಂದು ಅನೇಕ ವಿದ್ವಾಂಸರ ಮತ. ಹಾಗಿದ್ದಲ್ಲಿ ಎಣಿಸಬಹುದಾಗಿದ್ದ ಚೂರು ರಾಶಿಯಾಯಿತು, ರಾಶಿಯಾಗಿದ್ದುದು ಎಣಿಸುವ ಉಂಡೆಯಾಯಿತು. ಎರಡು ಶಬ್ದಗಳು ಕುರ್ಚಿಯನ್ನು ಅದಲುಬದಲು ಮಾಡಿಕೊಂಡುವು.

ಇನ್ನು ಅಡಿಗೆಯೇ ಪದಗಳ ಜಾತಿಯನ್ನು ಕೆಡಿಸುವ ಬಗೆ. ಪೊಟೇಟೊ ಎಣಿಕೆಯ ಪದ. ಬೇಯಿಸಿ ಹಿಸುಕಿದರೆ ಬ್ರಿಟನ್ನಿನವರು 'ಮ್ಯಾಶ್ಡ್ ಪೊಟೇಟೊ' ಎಂದು ರಾಶಿಗೆ ಸೇರಿಸುತ್ತಾರೆ. ಎಗ್ ಎಣಿಕೆಯದು, ಅಂಗಿಯ ಮೇಲೆ ಚೆಲ್ಲಿದರೆ ರಾಶಿಯದು. ಅಂಗಳದಲ್ಲಿ ಓಡಾಡುವುದು 'ಎ ಚಿಕನ್'. ತಟ್ಟೆಯಲ್ಲಿರುವುದು ಬರೀ 'ಚಿಕನ್'. ಆ ಒಂದಕ್ಷರದ ಉಪಪದವನ್ನು ಸೇರಿಸಿ 'ನಿನ್ನೆ ಚಿಕನ್ ತಿಂದೆ' ಎಂದರೆ ಇಡೀ ಕೋಳಿಯನ್ನು ಮುಗಿಸಿದಂತಾಗುತ್ತದೆ. ತತ್ತ್ವಶಾಸ್ತ್ರಜ್ಞ ಜೆಫ್ರಿ ಪೆಲ್ಟಿಯೆ 1975ರಲ್ಲಿ ಇದನ್ನು ವಿವರಿಸಲು ಒಂದು ಕಾಲ್ಪನಿಕ ಯಂತ್ರವನ್ನು ಮುಂದಿಟ್ಟನು. ಅದು ವಿಶ್ವಗಿರಣಿ; ಒಂದು ಕಡೆಯಿಂದ ಯಾವ ಬಿಡಿ ವಸ್ತುವನ್ನು ಹಾಕಿದರೂ ಇನ್ನೊಂದು ಕಡೆಯಿಂದ ಅದರ ಹಿಟ್ಟು ಬೀಳುತ್ತದೆ, ಎಣಿಕೆಯ ಪದವನ್ನು ಹಾಕಿದರೆ ರಾಶಿಯ ಪದ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ ರಾಶಿಯನ್ನು ಪೊಟ್ಟಣ ಕಟ್ಟುವ ಯಂತ್ರವೂ ಭಾಷೆಯಲ್ಲಿದೆ. ಕಾಫಿ ರಾಶಿಯ ಪದವಾದರೂ ಹೋಟೆಲಿನಲ್ಲಿ ಇಂಗ್ಲಿಷರು 'ಟೂ ಕಾಫೀಸ್' ಎನ್ನುತ್ತಾರೆ. ಲೋಟ ಅಲ್ಲಿ ಮಾತಿನೊಳಗೆ ಅಡಗಿದೆ. ಬೆಂಗಳೂರಿನವರು ಇವರನ್ನೂ ಮೀರಿಸಿ 'ಬೈ ಟೂ ಕಾಫಿ' ಎಂದು ಕಟ್ಟಿದ ಪೊಟ್ಟಣವನ್ನು ಮತ್ತೆ ಬಿಚ್ಚಿ ಹಂಚಿಕೊಳ್ಳುತ್ತಾರೆ.

ಹಾಗಾದರೆ ಈ ಭೇದ ಹುಟ್ಟುವುದು ಮನಸ್ಸಿನಲ್ಲೋ ಭಾಷೆಯಲ್ಲೋ? 1991ರಲ್ಲಿ ನ್ಯಾನ್ಸಿ ಸೋಜಾ, ಸೂಸನ್ ಕೇರಿ, ಎಲಿಜಬೆತ್ ಸ್ಪೆಲ್ಕಿ ಇವರು ಎರಡು ವರ್ಷದ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಗಟ್ಟಿಯಾದ ವಸ್ತುವೊಂದಕ್ಕೆ ಹೊಸ ಹೆಸರಿಟ್ಟು ತೋರಿಸಿದಾಗ, ಮಕ್ಕಳು ಅದೇ ಆಕಾರದ ಬೇರೆ ವಸ್ತುವಿಗೂ ಆ ಹೆಸರನ್ನು ಕೊಟ್ಟರು. ಮುಲಾಮಿನಂತಹ ಮೆತ್ತನೆಯ ಪದಾರ್ಥಕ್ಕೆ ಹೆಸರಿಟ್ಟಾಗ, ಆಕಾರವನ್ನು ಬಿಟ್ಟು ಪದಾರ್ಥವನ್ನೇ ಹಿಡಿದರು. 'ಮಚ್', 'ಮೆನಿ'ಗಳ ವ್ಯಾಕರಣ ಇನ್ನೂ ಕೈವಶವಾಗದ ವಯಸ್ಸು ಅದು. ಎಂದರೆ ವಸ್ತು ಮತ್ತು ಪದಾರ್ಥ ಎಂಬ ಭೇದ ವ್ಯಾಕರಣಕ್ಕಿಂತ ಮುಂಚಿನದು. 1997ರಲ್ಲಿ ಮುತ್ಸುಮಿ ಇಮಾಯಿ, ಡೆಡ್ರೆ ಜೆಂಟ್ನರ್ ಇವರು ಜಪಾನೀ ಮಕ್ಕಳನ್ನೂ ಅಮೆರಿಕದ ಮಕ್ಕಳನ್ನೂ ಹೋಲಿಸಿದರು. ಜಪಾನೀ ಭಾಷೆಯಲ್ಲಿ ಇಂಗ್ಲಿಷಿನಂತಹ ಎಣಿಕೆ–ರಾಶಿ ಭೇದವಿಲ್ಲ. ಜಟಿಲ ಆಕಾರದ ವಸ್ತುಗಳ ವಿಷಯದಲ್ಲಿ ಇಬ್ಬರೂ ಒಂದೇ ರೀತಿ ನಡೆದುಕೊಂಡರು. ಸರಳ ಆಕಾರದ ಗಟ್ಟಿ ವಸ್ತುಗಳಲ್ಲಿ ಅಮೆರಿಕದ ಮಕ್ಕಳು ಆಕಾರದ ಕಡೆಗೆ ಸ್ಪಷ್ಟವಾಗಿ ವಾಲಿದರು, ಜಪಾನೀ ಮಕ್ಕಳು ಹಾಗೆ ವಾಲಲಿಲ್ಲ. ಎರಡು ತುದಿಗಳಲ್ಲಿ ಪ್ರಕೃತಿಯೇ ತೀರ್ಪು ಕೊಡುತ್ತದೆ. ನಡುವಣ ಗಡಿನಾಡಿನಲ್ಲಿ ಭಾಷೆ ಬೇಲಿ ಹಾಕುತ್ತದೆಂದು ನಾವು ಇದನ್ನು ಅರ್ಥಮಾಡಿಕೊಂಡಿದ್ದೇವೆ. ಅಕ್ಕಿ, ಮಸೂರ, ಗೋಧಿಗಳು ಇರುವುದು ಆ ಗಡಿನಾಡಿನಲ್ಲಿ. ಹಾಲು, ಮೊಟ್ಟೆಗಳಲ್ಲಿ ತಪ್ಪದ ನಮ್ಮ ವಿದ್ಯಾರ್ಥಿಗಳು ಅಲ್ಲಿಯೇ ಎಡವುತ್ತಾರೆ.

ವಿದ್ಯಾರ್ಥಿನಿ ಮುಂದಿನ ತಿಂಗಳು ತನ್ನ ಪ್ರಯೋಗವನ್ನು ಪುನಃ ವಿವರಿಸಲು ಒಪ್ಪಿದ್ದಾಳೆ. ಆದರೆ ಅದಕ್ಕೆ ಮೊದಲು ಅವಳ ಪಟ್ಟಿಯಲ್ಲಿ ಇನ್ನೊಂದು ವಸ್ತು ಸೇರಿದೆ. ನಮ್ಮ ತಿಂಡಿಗಳು ಇಂಗ್ಲಿಷಿಗೆ ಹೋದಾಗ ಇಡ್ಲೀಸ್, ದೋಸಾಸ್, ವಡಾಸ್ ಎಂದು ಎಣಿಕೆಗೆ ಸೇರುತ್ತವೆ, ಸಾಂಬಾರ್, ಉಪ್ಮಾ ರಾಶಿಯಾಗಿ ಉಳಿಯುತ್ತವೆ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಲಿಲ್ಲ. ಶಾವಿಗೆಯೊಂದು ಮಾತ್ರ ತಕರಾರಿನದು. ಇಟಲಿಯವರಿಗೆ ವರ್ಮಿಚೆಲ್ಲಿ ಬಹುವಚನ, 'ಪುಟ್ಟ ಹುಳುಗಳು' ಎಂದರ್ಥ, ಸ್ಪಗೆಟ್ಟಿಯೂ ಬಹುವಚನವೇ. ಇಂಗ್ಲಿಷಿಗೆ ಬಂದೊಡನೆ ಎರಡೂ ರಾಶಿಯ ಪದಗಳಾದುವು. ಅದೇ ಇಂಗ್ಲಿಷು ಜರ್ಮನರಿಂದ ತಂದ ನೂಡಲ್ ಅನ್ನು 'ನೂಡಲ್ಸ್' ಎಂದು ಎಣಿಸುತ್ತದೆ. ಮೂರೂ ಹಿಟ್ಟಿನ ಎಳೆಗಳೇ. ಅವುಗಳ ವ್ಯಾಸವನ್ನು ಅಳೆಯಬೇಕೆಂದು ಅವಳು ಪ್ರಯೋಗಶಾಲೆಯ ಸ್ಕ್ರೂಗೇಜನ್ನು ಕೇಳಿದ್ದಾಳೆ. ಬೀಗದ ಕೈ ಕೊಟ್ಟಿದ್ದೇವೆ.